ಸೋಲೊ ಬಾರಿಸದವನ ಬಲಗೈ ನೋಡಿ

ಬ್ಲೂಗ್ರಾಸ್ ಅಂದರೆ ಬ್ಯಾಂಜೊ, ಫಿಡಲ್ (ಪಿಟೀಲು), ಗಿಟಾರ್ ಥರದ ತಂತಿವಾದ್ಯಗಳ ಅಮೆರಿಕದ ಹಳ್ಳಿಗಾಡಿನ ಸಂಗೀತ. ಅದರ ಕಛೇರಿಯಲ್ಲಿ ಇಬ್ಬರು ಗಿಟಾರ್‌ನವರು ಎದುರುಬದುರು ನಿಂತರೆ ಜನರ ಕಣ್ಣೆಲ್ಲ ಸೋಲೊ ಬಾರಿಸುವವನ ಬೆರಳುಗಳ ಮೇಲೆ ಇರುತ್ತದೆ. ನಾನು ಮಾತ್ರ ಇನ್ನೊಬ್ಬನ ಬಲಗೈ ನೋಡುತ್ತಾ ಕೂತಿರುತ್ತೇನೆ. ಈ ಅಭ್ಯಾಸ ತಾನಾಗಿ ಬಂದದ್ದಲ್ಲ, ನಿಧಾನಕ್ಕೆ ಮಾಡಿಕೊಂಡದ್ದು.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲೀ ಹತ್ತಿರ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡಿಗರು ಇಲ್ಲಿ ಸಾಕಷ್ಟಿದ್ದೇವೆ. ಬ್ಲೂಗ್ರಾಸ್ ಕೇಳುವವರಿಗೆ ಇದು ಪುಣ್ಯದ ಜಾಗ. ಅಂತಾರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವರ್ಷದ ಹಬ್ಬ 2013ರಿಂದ 2024ರವರೆಗೆ ರಾಲೀಯಲ್ಲೇ ನಡೆಯಿತು. ಪಶ್ಚಿಮದ ಬೆಟ್ಟಗಳ ಕಡೆ ಎರಡೂವರೆ ಗಂಟೆ ಕಾರು ಓಡಿಸಿದರೆ ವಿಲ್ಕ್ಸ್‌ಬರೊ. ಅಲ್ಲಿ ಏಪ್ರಿಲ್ ಕೊನೆಯಲ್ಲಿ ಮರ್ಲ್‌ಫೆಸ್ಟ್ ನಡೆಯುತ್ತದೆ. ಗಿಟಾರ್ ವಾದಕ ಡಾಕ್ ವಾಟ್ಸನ್ ಅವರ ಮಗ ಮರ್ಲ್ 1985ರಲ್ಲಿ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡರು. ಅವರ ನೆನಪಿಗೆ 1988ರಲ್ಲಿ ಶುರುವಾದ ಹಬ್ಬ ಇದು. ತಂದೆ ಮಗ ಇಬ್ಬರೂ ಗಿಟಾರ್ ಹಿಡಿದು ಜೋಡಿಯಾಗಿ ಊರೂರು ಸುತ್ತಿದವರು.

ಒಮ್ಮೆ ಊರಿಂದ ಬಂದಿದ್ದ ಭಾವನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಕರ್ನಾಟಕ ಸಂಗೀತ ಕೇಳಿ ಬೆಳೆದವರು. ಹತ್ತು ನಿಮಿಷ ಸುಮ್ನೆ ಕೂತು, ಆಮೇಲೆ, "ಅಲ್ಲಪ್ಪ, ಮೃದಂಗಾನೇ ಇಲ್ವಲ್ಲ, ತಾಳ ಯಾರು ಹಿಡೀತಾರೆ?" ಅಂದರು. ಎಷ್ಟೋ ಜನ ಇಲ್ಲಿನವರೂ ಕೇಳದ ಪ್ರಶ್ನೆ ಅದು.

ಸಾಂಪ್ರದಾಯಿಕ ಬ್ಲೂಗ್ರಾಸ್ ತಂಡದಲ್ಲಿ ಡ್ರಮ್ ಇರುವುದಿಲ್ಲ. ಬಾಸ್ ಒಂದು ಏಟು ಹಾಕುತ್ತದೆ, ಮ್ಯಾಂಡೊಲಿನ್ ಅದರ ಮಧ್ಯದ ಏಟು. ಗಿಟಾರ್ ಎರಡನ್ನೂ ಬೆಸೆಯುತ್ತದೆ: ಒಂದು ದಪ್ಪ ತಂತಿ, ಆಮೇಲೆ ಒಂದು ಬೀಸು. ಬೂಮ್-ಚಕ್, ಬೂಮ್-ಚಕ್. ಶುರುವಿನಲ್ಲಿ ಗಿಟಾರಿಗೆ ಇದ್ದ ಕೆಲಸ ಹೆಚ್ಚುಕಡಿಮೆ ಇಷ್ಟೇ. ಬ್ಯಾಂಜೊ, ಫಿಡಲ್ ಸದ್ದಿನ ಮುಂದೆ ಗಿಟಾರಿನ ಸೋಲೊ ಯಾರಿಗೂ ಕೇಳುತ್ತಿರಲಿಲ್ಲ.

ಅದನ್ನು ಬದಲಿಸಿದವರಲ್ಲಿ ಡಾಕ್ ವಾಟ್ಸನ್ ದೊಡ್ಡ ಹೆಸರು. ಇದೇ ನಾರ್ತ್ ಕ್ಯಾರೊಲೈನಾದ ಡೀಪ್ ಗ್ಯಾಪ್‌ನವರು, ಎಳೆ ಮಗುವಾಗಿದ್ದಾಗಲೇ ಕಣ್ಣು ಹೋಗಿತ್ತು. 1950ರ ದಶಕದಲ್ಲಿ ಅವರು ಬಾರಿಸುತ್ತಿದ್ದ ತಂಡದಲ್ಲಿ ಫಿಡಲ್‌ನವನೇ ಇರಲಿಲ್ಲ. ಕುಣಿಯುವವರಿಗೆ ಫಿಡಲ್ ಟ್ಯೂನ್ ಬೇಕೇ ಬೇಕು. ಸರಿ, ಡಾಕ್ ಅವನ್ನೆಲ್ಲ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬಾರಿಸಿದರು. 1960ರ ದಶಕದಲ್ಲಿ ಅದೇ ಕೈಚಳಕ ಮರದ ಗಿಟಾರಿಗೆ ಬಂದಾಗ ಕೇಳಿದವರು ದಂಗಾದರು. ಕ್ಯಾಲಿಫೋರ್ನಿಯಾದಲ್ಲಿ ಅವರನ್ನು ಕೇಳಿದ ಹುಡುಗ ಕ್ಲಾರೆನ್ಸ್ ವೈಟ್ ತನ್ನದೇ ದಾರಿ ಮಾಡಿಕೊಂಡ. ಏಟು ಬೀಳಬೇಕಾದ ಕಡೆ ಬಿಟ್ಟು, ಬೀಳಬಾರದ ಕಡೆ ಹಾಕುವ ಚಾಳಿ ಅವನದು. 1973ರಲ್ಲಿ ಕುಡಿದು ಕಾರು ಓಡಿಸುತ್ತಿದ್ದವರು ಗುದ್ದಿ ಸತ್ತ. ಆಗ ವಯಸ್ಸು ಬರೀ 29. ಅವನ 1935ರ ಮಾರ್ಟಿನ್ ಗಿಟಾರನ್ನು ಗಿಟಾರ್ ವಾದಕ ಟೋನಿ ರೈಸ್ 1975ರಲ್ಲಿ ಕೊಂಡರು. ಈಗಿನವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಟೋನಿ ರೈಸ್ ಮಕ್ಕಳೇ.

ನನ್ನ ವಿಷಯಕ್ಕೆ ಬರುತ್ತೇನೆ. ಗಿಟಾರ್ ಹಿಡಿದವರೆಲ್ಲ ಮೊದಲು ಸೋಲೊ ಕಲಿಯಲು ಹೋಗುತ್ತಾರೆ. ನಾನು ಬೇಕೆಂದೇ ರಿದಮ್ ಹಿಡಿದೆ, ಅಂದರೆ ಸೋಲೊಗೆ ತಾಳ ಕೊಡುವ ಕೆಲಸ. ಸಂಜೆ ಒಂದು ಫಿಡಲ್ ಟ್ಯೂನ್ ಹಾಕಿ, ಉದ್ದಕ್ಕೂ ಬೂಮ್-ಚಕ್ ಮಾತ್ರ. ಬೇಜಾರಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಕೆಲವು ತಿಂಗಳಲ್ಲಿ ಕಿವಿ ಬದಲಾಯಿತು.

ತಾಳ ಗೊತ್ತಿದ್ದದ್ದು ಇಲ್ಲಿ ನೆರವಿಗೆ ಬಂತು. ಫಿಡಲ್ ಟ್ಯೂನ್‌ಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ಬಾರಿಸುತ್ತಾರೆ. ಒಂದು ಭಾಗಕ್ಕೆ 16 ಏಟು, ಅಂದರೆ ಆದಿತಾಳದ ಎರಡು ಆವರ್ತನ. ಪೂರ್ತಿ ಸುತ್ತಿಗೆ ಎಂಟು ಆವರ್ತನ. ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 120 ಏಟಿಗೆ ಇಟ್ಟರೆ 32 ಸೆಕೆಂಡಿನಲ್ಲಿ ಸುತ್ತು ಮುಗಿಯುತ್ತದೆ. ಸೋಲೊ ಬಾರಿಸುವವನು ಒಂದು ಏಟಿಗೆ ನಾಲ್ಕು ಸ್ವರ ಹಾಕುತ್ತಾನೆ, ಸೆಕೆಂಡಿಗೆ ಎಂಟು. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರೆ ಅವನು ಎಲ್ಲಿ ಟ್ಯೂನ್ ಬಿಟ್ಟು ಹೊರಗೆ ಹೋದ, ಎಲ್ಲಿ ಬಂದು ಸೇರಿದ ಅನ್ನುವುದು ಗೊತ್ತಾಗುತ್ತದೆ. ಪಕ್ಕದಲ್ಲಿ ಕೂತವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ.

ಬರೀ ಎರಡು ಗಿಟಾರ್ ಇದ್ದಾಗಲೇ ನಿಜವಾದ ಮಜಾ. ಬಾಸ್, ಮ್ಯಾಂಡೊಲಿನ್ ಇಲ್ಲದ್ದರಿಂದ ಇಬ್ಬರ ಕೆಲಸವನ್ನೂ ರಿದಮ್ ಹಿಡಿದವನೊಬ್ಬನೇ ಮಾಡಬೇಕು. ಅದೂ ಸೋಲೊ ಮುಚ್ಚಿಹೋಗದಷ್ಟು ಮೆತ್ತಗೆ. ಗೆಳೆಯ ಮೇಲಿನ ತಂತಿಗೆ ಹೋದರೆ ಇವನು ಕೆಳಗಿಳಿಯುತ್ತಾನೆ. ಗೆಳೆಯ ಸಾಲಿನ ಮಧ್ಯೆ ಉಸಿರು ಎಳೆದರೆ ಇವನು ದಪ್ಪ ತಂತಿಯಲ್ಲಿ ನಾಲ್ಕು ಸ್ವರ ಓಡಿಸಿ ಆ ಜಾಗ ತುಂಬುತ್ತಾನೆ. ಕ್ಯಾಪೊ, ಅಂದರೆ ಶ್ರುತಿ ಏರಿಸಲು ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್, ಅದನ್ನೂ ಗಮನಿಸಿ. ಸಿ ಶ್ರುತಿಯ ಟ್ಯೂನ್ ಆದರೆ ಒಬ್ಬ ಕ್ಯಾಪೊ ಇಲ್ಲದೆ ಬಾರಿಸುತ್ತಾನೆ, ಇನ್ನೊಬ್ಬ ಐದನೇ ಮನೆಗೆ ಹಾಕಿ ಜಿ ಹಿಡಿತದಲ್ಲಿ ಬಾರಿಸಬಹುದು. ಸ್ವರಮೇಳ ಒಂದೇ, ನಾದ ಬೇರೆ. ಹಾಗಾಗಿಯೇ ಎರಡು ಗಿಟಾರ್ ಕಲಸುಮೇಲೋಗರ ಆಗುವುದಿಲ್ಲ.

ಬ್ರಯನ್ ಸಟನ್ ಇದರಲ್ಲಿ ನನಗೆ ಎಲ್ಲರಿಗಿಂತ ಇಷ್ಟ. 2006ರಲ್ಲಿ ಅವರು ತಮಗೆ ಗುರುಗಳಂತಿದ್ದ ಹಿರಿಯರ ಜೊತೆ ಜೋಡಿಯಾಗಿ ಬಾರಿಸಿದ ಆಲ್ಬಂ ತಂದರು. ಅದರಲ್ಲಿ ಡಾಕ್ ಜೊತೆ ಬಾರಿಸಿದ ಒಂದು ಟ್ಯೂನ್‌ಗೆ ಗ್ರ್ಯಾಮಿ ಬಂತು. ಆಮೇಲೆ ಸಟನ್ ತಮಗಿಂತ ಕಿರಿಯರಾದ ಬಿಲ್ಲಿ ಸ್ಟ್ರಿಂಗ್ಸ್ ಜೊತೆಗೂ ಜೋಡಿಯಾದರು. ಬಿಲ್ಲಿ ಬಾರಿಸುವಾಗ ಸಟನ್ ಬಲಗೈ ನೋಡಿ. ಮಣಿಕಟ್ಟು ಅಲ್ಲಾಡಿದ್ದೇ ಗೊತ್ತಾಗಲ್ಲ, ಆದರೆ ಕಾಲು ತಾನಾಗಿ ಕುಣಿಯುತ್ತದೆ. ಮಾಲಿ ಟಟಲ್ ಅವರ ರಿದಮ್ ಕೂಡ ಹಾಗೇ. 2017ರಲ್ಲಿ ಅಂತಾರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರು.

ಹಬ್ಬದ ಕೊನೆಯಲ್ಲಿ ಆರೇಳು ಜನ ದೊಡ್ಡ ಗಿಟಾರ್‌ನವರನ್ನು ಒಟ್ಟಿಗೆ ನಿಲ್ಲಿಸುತ್ತಾರಲ್ಲ, ಅದು ನನಗೆ ಅಷ್ಟಕ್ಕಷ್ಟೇ. ಒಬ್ಬೊಬ್ಬರಿಗೂ ಅರ್ಧ ನಿಮಿಷ. ಎಲ್ಲರೂ ವೇಗ ತೋರಿಸುತ್ತಾರೆ, ಯಾರಿಗೂ ಯಾರ ಮಾತೂ ಕೇಳುವಷ್ಟು ಪುರುಸೊತ್ತು ಇರುವುದಿಲ್ಲ. ಚಪ್ಪಾಳೆ ಮಾತ್ರ ಜಾಸ್ತಿ. ಮರ್ಲ್‌ಫೆಸ್ಟ್‌ಗೆ ಹೋದರೆ ನಾನು ದೊಡ್ಡ ಸ್ಟೇಜ್ ಬಿಟ್ಟು ಮಧ್ಯಾಹ್ನದ ಸಣ್ಣ ಸ್ಟೇಜ್ ಹುಡುಕುತ್ತೇನೆ. ಮುಂದಿನ ಸಾಲಿನ ಒಂದು ಪಕ್ಕದಲ್ಲಿ ಕೂತರೆ ಮೈಕ್‌ಗಿಂತ ಮೊದಲು ಮರದ ಸದ್ದೇ ಕಿವಿಗೆ ಬೀಳುತ್ತದೆ.

ಕಛೇರಿ ಮುಗಿದ ಮೇಲೆ ಎಲ್ಲರೂ ಸೇರಿ ಬಾರಿಸುವ ಜಾಮ್‌ಗೆ ಹೋಗಿ ಸೇರಿಕೊಳ್ಳುವುದನ್ನು ತಪ್ಪಿಸಬೇಡಿ. ಎಲ್ಲರೂ ಸುತ್ತ ನಿಂತಿರುತ್ತಾರೆ, ಸೋಲೊ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಶುರು ಮಾಡಿದವರು ಕಾಲು ಎತ್ತಿದರೆ ಇದೇ ಕೊನೆಯ ಸುತ್ತು ಎಂದರ್ಥ. ಸೋಲೊ ಬೇಡ ಅಂದರೆ ತಲೆ ಅಲ್ಲಾಡಿಸಿದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾನು ಈಗಲೂ ಜಾಸ್ತಿ ಸಲ ತಲೆಯನ್ನೇ ಅಲ್ಲಾಡಿಸುತ್ತೇನೆ. ರಿದಮ್ ಸರಿಯಾಗಿ ಹಿಡಿಯುವವರನ್ನು ಮುಂದಿನ ಟ್ಯೂನ್‌ಗೂ ಇರಿ ಅಂತ ಅವರೇ ನಿಲ್ಲಿಸಿಕೊಳ್ಳುತ್ತಾರೆ.