ಸಾವಜಿ ಖಾರಕ್ಕೆ ಯಾವ ಬಿಯರ್? ನನ್ನ ಅನುಭವ

ಹುಬ್ಬಳ್ಳಿಯ ಬಾರ್‌ಗೆ ಹೋಗಿ ಬಿಯರ್ ಕೇಳಿ. ಹುಡುಗ ಕೇಳುವುದು ಎರಡೇ ಪ್ರಶ್ನೆ. "ಸ್ಟ್ರಾಂಗ್ ಏನ್ರಿ, ಲೈಟ್ ಏನ್ರಿ? ಚಿಲ್ಡ್ ತರ್ಲ್ಯಾ?" ರುಚಿಯ ಮಾತೇ ಇಲ್ಲ. ಹಿಂದೆಯೇ ಸಾವಜಿ ತಟ್ಟೆ, ಅಂದರೆ ಇಲ್ಲಿನ ಸಾವಜಿ ಸಮುದಾಯದ ಖಾರದ ಮಾಂಸದಡುಗೆ, ಬರುತ್ತದೆ, ಜಾಸ್ತಿ ಜನ ಸ್ಟ್ರಾಂಗ್ ಹೇಳಿರುತ್ತಾರೆ. ನನ್ನನ್ನು ಕೇಳಿದರೆ, ನಮ್ಮ ಕಡೆಯ ಖಾರಕ್ಕೆ ಅಷ್ಟು ಹೊಂದದ ಬಿಯರ್ ಇನ್ನೊಂದಿಲ್ಲ.

ಸುಮ್ನೆ ಹೇಳುತ್ತಿಲ್ಲ. ವಿದ್ಯಾನಗರದ ನಮ್ಮ ಮನೆ ಮಾಳಿಗೆ ಮೇಲೆ ಗೆಳೆಯರು ಸೇರಿದಾಗೆಲ್ಲ ಇದನ್ನೇ ನೋಡುತ್ತಾ ಬಂದಿದ್ದೇವೆ. ತಟ್ಟೆಯಲ್ಲಿ ಒಂದೇ ಪದಾರ್ಥ, ಎದುರಿಗೆ ಬೇರೆ ಬೇರೆ ಬಿಯರ್, ಚಿಕ್ಕ ಗ್ಲಾಸಿನಲ್ಲಿ ಸ್ವಲ್ಪ ಸ್ವಲ್ಪ. ಒಂದು ತುತ್ತು, ಒಂದು ಗುಟುಕು, ನಡುವೆ ನೀರು. ಕುಡಿದದ್ದಕ್ಕಿಂತ ವಾದ ಮಾಡಿದ್ದೇ ಜಾಸ್ತಿ.

ಮೊದಲು ಸ್ವಲ್ಪ ಲೆಕ್ಕ. ಬಿಯರ್‌ಗೆ ಬೇಕಾದದ್ದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್. ಜೊತೆಗೆ ನೀರು, ಹಾಪ್ಸ್ ಹೂವು, ಯೀಸ್ಟ್. ಮಾಲ್ಟ್‌ನಿಂದ ಸಿಹಿ, ಹಾಪ್ಸ್‌ನಿಂದ ಕಹಿ. ತಂಪಿನಲ್ಲಿ ನಿಧಾನವಾಗಿ ಹುದುಗಿದ್ದು ಲಾಗರ್. ಸ್ವಲ್ಪ ಬೆಚ್ಚಗೆ, ಬೇಗ ಹುದುಗಿದ್ದು ಏಲ್. ನಮ್ಮ ಬಾರ್‌ಗಳಲ್ಲಿ ಸಿಗುವ ಲೈಟ್, ಸ್ಟ್ರಾಂಗ್ ಎರಡೂ ಹೆಚ್ಚುಕಡಿಮೆ ಲಾಗರ್ ಜಾತಿಯವೇ. ಆ ಬಂಗಾರದ ಬಣ್ಣದ ಲಾಗರ್‌ನ ಮೂಲ 1842ರಲ್ಲಿ ಬೊಹೀಮಿಯಾದ ಪಿಲ್ಸನ್ ಊರಿನಲ್ಲಿ ತಯಾರಾದ ಬಿಯರ್. ಪಿಲ್ಸ್‌ನರ್ ಅನ್ನೋ ಹೆಸರು ಬಂದದ್ದೂ ಆ ಊರಿನಿಂದಲೇ.

ಈಗ ಖಾರದ ವಿಷಯ. ಮೆಣಸಿನಕಾಯಿಯ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಬಿಯರ್ ಬಹುಪಾಲು ನೀರೇ, ಅದರಲ್ಲಿರುವಷ್ಟು ಆಲ್ಕೋಹಾಲ್‌ಗೆ ಖಾರ ಕರಗಲ್ಲ. ಕರಗುವುದು ಹೋಗಲಿ, ನಾಲಗೆಯ ಯಾವ ನರ ಖಾರಕ್ಕೆ ಉರಿಯುತ್ತದೋ ಅದನ್ನೇ ಆಲ್ಕೋಹಾಲ್ ಕೂಡ ಕೆಣಕುತ್ತದೆ. ಗ್ಯಾಸ್‌ನ ಚುರುಕು ಬೇರೆ. ಲೈಟ್ ಬಿಯರ್‌ನಲ್ಲಿ 5% ಆಸುಪಾಸು ಇರುವ ಆಲ್ಕೋಹಾಲ್ ಸ್ಟ್ರಾಂಗ್‌ನಲ್ಲಿ 8%ವರೆಗೂ ಹೋಗುತ್ತದೆ. ಸಾವಜಿ ಮಟನ್ ಮೇಲೆ ಅದನ್ನು ಕುಡಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಐಸ್‌ನಂತೆ ತಣ್ಣಗಿರುವುದರಿಂದ ಒಂದು ಕ್ಷಣ ಹಾಯ್ ಅನಿಸುತ್ತದೆ. ತಂಪು ಇಳಿದ ಕೂಡಲೇ ಉರಿ ವಾಪಸ್ ಬರುತ್ತದೆ, ಇನ್ನೊಂದು ಗುಟುಕು ಬೇಕು ಅನಿಸುತ್ತದೆ. ಬಾರ್ ಮಾಲೀಕರಿಗೆ ಇದು ಚಲೋನೇ, ಅಲ್ವಾ?

ಸಾವಜಿ ಊಟಕ್ಕೆ ನಾನು ಕೊನೆಗೆ ಒಪ್ಪಿದ್ದು ಗೋಧಿ ಬಿಯರ್. ಕಹಿ ಕಡಿಮೆ, ಮೈ ಮೃದು, ಹಿಂದೆ ಸಣ್ಣ ಸಿಹಿ. ಇದರಲ್ಲೂ ಎರಡು ದಾರಿ ಇವೆ. ಬೆಲ್ಜಿಯಂ ಶೈಲಿಯದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಹೋಗಾರ್ಡನ್ ಬ್ರ್ಯಾಂಡ್ ಈ ಜಾತಿ. ಜರ್ಮನಿಯ ಬವೇರಿಯಾ ಶೈಲಿಯದರಲ್ಲಿ ಯಾವ ಮಸಾಲೆಯೂ ಇಲ್ಲ. ಆದರೂ ಬಾಳೆಹಣ್ಣು, ಲವಂಗದ ಘಮ ಬರುತ್ತದೆ. ಇದನ್ನು ನಮ್ಮ ಕಾಕಾಗೆ ಕೊಟ್ಟೆ. ಗ್ಲಾಸ್ ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು.

"ಲೇ ತಮ್ಮಾ, ಇದಕ್ಕ ಬಾಳೆಹಣ್ಣು ಹಾಕ್ಯಾರೇನೋ?"

"ಇಲ್ರೀ ಕಾಕಾ, ಅದು ಯೀಸ್ಟಿನ ವಾಸನಿ."

"ಬಿಯರ್‌ನ್ಯಾಗ ಹಣ್ಣಿನ ವಾಸನಿ ಬಂದ್ರ ನಾ ಒಲ್ಲೆ ನೋಡಪಾ."

ಅಷ್ಟೊತ್ತಿಗೆ ಖಾನಾವಳಿಯಿಂದ ತಂದ ಖೀಮಾ ಉಂಡಿ ಬಿಚ್ಚಿದ್ದೆವು. ಎರಡು ಉಂಡಿ ಆಗುವಷ್ಟರಲ್ಲಿ ಕಾಕಾ ಗ್ಲಾಸ್ ಖಾಲಿ. ಬಾಯಿಬಿಟ್ಟು ಏನೂ ಹೇಳಲಿಲ್ಲ, ಗ್ಲಾಸ್ ಮಾತ್ರ ನನ್ನ ಕಡೆ ಸರಿಸಿದರು. ಬವೇರಿಯಾ ಶೈಲಿಯ ಬಿಯರ್ ಸುರಿಯುವಾಗ ತಳದಲ್ಲಿ ಸ್ವಲ್ಪ ಉಳಿಸಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಆಮೇಲೆ ಅದನ್ನೂ ಸುರಿಯಬೇಕು. ಕೆಳಗೆ ಕೂತ ಯೀಸ್ಟ್ ಮೇಲೆದ್ದು ಬಿಯರ್ ಮಸುಕಾಗುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ.

ಬೆಲ್ಜಿಯಂ ಶೈಲಿಯದಕ್ಕೆ ನಮ್ಮ ಮಂಡಕ್ಕಿ ತಿಂಡಿ ಗಿರ್ಮಿಟ್ ಜೋಡಿ. ಒಗ್ಗರಣೆ ಮಸಾಲೆಯ ಹುಣಸೆಹುಳಿ, ಪುಟಾಣಿ ಹಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಬಿಯರ್‌ನಲ್ಲಿರುವ ಕೊತ್ತಂಬರಿ ಬೀಜದ ಘಮ ಇದಕ್ಕೆ ಸಲೀಸಾಗಿ ಸೇರುತ್ತದೆ. ಮಂಡಕ್ಕಿ ಮೆತ್ತಗಾಗುವ ಮುಂಚೆ ತಿನ್ನಿ ಅಷ್ಟೆ.

ಮಿರ್ಚಿ ಭಜ್ಜಿಗೆ ಮಾತ್ರ ನನ್ನ ಓಟು ಲೈಟ್ ಲಾಗರ್‌ಗೆ. ಅಲ್ಲಿ ಖಾರಕ್ಕಿಂತ ಎಣ್ಣೆ, ಕಡಲೆಹಿಟ್ಟು ಜಾಸ್ತಿ. ಗ್ಯಾಸ್ ಆ ಜಿಡ್ಡನ್ನು ಬಾಯಿಂದ ತೊಳೆದುಬಿಡುತ್ತದೆ. ಒಂದು ಮಜಾ ನೋಡಿ: ಭಜ್ಜಿ ತಿಂದ ತುಟಿಯನ್ನು ಹಾಗೇ ಗ್ಲಾಸಿಗಿಟ್ಟರೆ, ತುಟಿ ತಾಗಿದ ಕಡೆ ನೊರೆ ಸರ್ರನೆ ಇಳಿಯುತ್ತದೆ. ಎಣ್ಣೆ ನೊರೆಗೆ ಶತ್ರು. ಜಿಡ್ಡು ಉಳಿದ ಗ್ಲಾಸಿನಲ್ಲೂ ಹೀಗೇ ಆಗುತ್ತದೆ.

ರೊಟ್ಟಿ, ಎಣಗಾಯಿಗೂ ಲೈಟ್ ಲಾಗರ್ ಸಾಕು, ಆದರೆ ಮನೆಯ ಖಾರಪುಡಿ ಯಾವುದು ನೋಡಿಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಬಣ್ಣ, ಖಾರ ಕಡಿಮೆ. ಗುಂಟೂರು ಬೆರೆತಿದ್ದರೆ ಗೋಧಿ ಬಿಯರ್ ತೆಗೆಯಿರಿ. ಐಪಿಎ ಅಂತ ಇನ್ನೊಂದಿದೆ, ಹಾಪ್ಸ್ ಜಾಸ್ತಿ ಹಾಕಿದ್ದು, ತುಂಬಾ ಕಹಿ. ಬೆಂಗಳೂರಿನ ಪಬ್‌ಗಳಲ್ಲಿ ಅದನ್ನು ಖಾರದ ಜೊತೆ ಕುಡಿಯುವವರಿದ್ದಾರೆ. ನನಗೆ ಕಹಿ, ಉರಿ ಎರಡೂ ಒಟ್ಟಿಗೆ ಏರಿದ ಹಾಗೆ ಆಗುತ್ತದೆ. ಗುರೆಳ್ಳು ಚಟ್ನಿ ಜೊತೆ ಪರವಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಅಂದರೆ ಸ್ಟೌಟ್ ಅನ್ನೋ ಕಪ್ಪು ಬಿಯರ್ ಮತ್ತು ಧಾರವಾಡ ಪೇಡೆ. ಸ್ಟೌಟ್ ಕಪ್ಪಗಿರುವುದು ಹುರಿದ ಬಾರ್ಲಿಯಿಂದ. ಪೇಡೆಗೆ ಕಂದು ಬಣ್ಣ ಬರುವುದು ಖೋವಾವನ್ನು ಹೊತ್ತು ಬಿಡದೆ ಹುರಿದು ಕೈಯಾಡಿಸುವುದರಿಂದ. ಹುರಿದ ರುಚಿಯೇ ಎರಡಕ್ಕೂ ನಂಟು. ಪೇಡೆ ಕಚ್ಚಿ, ಹೊರಗಿನ ಸಕ್ಕರೆ ಕರಗುವ ತನಕ ಬಾಯಲ್ಲಿಟ್ಟುಕೊಳ್ಳಿ. ಆಮೇಲೆ ಸಣ್ಣ ಗುಟುಕು. ಮೊದಲು ಕಹಿ ಎದ್ದು ಬರುತ್ತದೆ, ಹಿಂದೆಯೇ ಕಾಫಿಯ ಘಮ. ಸ್ಟೌಟ್ ಮಾತ್ರ ತೀರಾ ತಣ್ಣಗಿರಬಾರದು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ, 10ರಿಂದ 12 ಡಿಗ್ರಿ ಸರಿ. ಇಲ್ಲದಿದ್ದರೆ ಘಮವೇ ಏಳಲ್ಲ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾತ ಹೊಡೆಯುತ್ತದೆ. ಕಂದು ಬಾಟಲಿ ಬೆಳಕನ್ನು ಸಾಕಷ್ಟು ತಡೆಯುತ್ತದೆ, ಹಸಿರು ಬಾಟಲಿ ತಡೆಯುವುದು ಕಡಿಮೆ, ಕ್ಯಾನ್‌ಗೆ ಆ ಭಯವೇ ಇಲ್ಲ. ಬಿಸಿಲು ಬೀಳುವ ಶೋಕೇಸಿನಿಂದ ತೆಗೆದುಕೊಟ್ಟ ಹಸಿರು ಬಾಟಲಿಯನ್ನು ನಾನು ವಾಪಸ್ ಕೊಟ್ಟು ಒಳಗಿನದು ಕೇಳುತ್ತೇನೆ. ತಯಾರಾದ ತಾರೀಖೂ ನೋಡುತ್ತೇನೆ, ಲಾಗರ್, ಗೋಧಿ ಬಿಯರ್ ಎರಡೂ ಹೊಸದಿದ್ದಷ್ಟು ಒಳ್ಳೆಯದು.

ಸ್ಟ್ರಾಂಗ್ ಬಿಟ್ಟು ಬೇರೇನೂ ಇಲ್ಲದ ಕಡೆ ಸಿಕ್ಕಿಬಿದ್ದರೆ ನಾನು ಮಟನ್ ಹೇಳುವುದೇ ಇಲ್ಲ. ಉಪ್ಪು ಹಾಕಿ ಹುರಿದ ಶೇಂಗಾ ತರಿಸುತ್ತೇನೆ. ಸ್ಟ್ರಾಂಗ್‌ನಲ್ಲಿ ಒಂದು ಸಿಹಿ ಇರುತ್ತದೆ, ಅದಕ್ಕೆ ಉಪ್ಪು ಚಲೋ ಹೊಂದುತ್ತದೆ. ಖಾನಾವಳಿಗೆ ಇನ್ನೊಂದು ದಿನ ಹೋದರಾಯಿತು.