ಬೀಗ ಹಾಕಿದ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಊರಿನ ಶಾಲೆ, ರೇಷನ್, ಆಸ್ಪತ್ರೆಯ ಸಮೀಕ್ಷೆ ಮಾಡುವುದು ಹೇಗೆ?

ಬಿ.ಎಡ್. ವಿದ್ಯಾರ್ಥಿಗಳು, ಎನ್ನೆಸ್ಸೆಸ್ ಶಿಬಿರದವರು, ಯುವಕ ಸಂಘದವರು ಸಮೀಕ್ಷೆಗೆಂದು ಹಳ್ಳಿಗೆ ಬರುವುದನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಹತ್ತು ಗಂಟೆಗೆ ಬಸ್ಸಿಳಿಯುತ್ತಾರೆ. ಪಂಚಾಯ್ತಿ ಕಚೇರಿ ಇರುವ ರಸ್ತೆಯ ಎರಡೂ ಬದಿಯ ಮನೆಗಳಿಗೆ ಹೋಗುತ್ತಾರೆ. ಊಟದ ಹೊತ್ತಿಗೆ ಫಾರಂ ತುಂಬಿಸಿ ಹೊರಟುಬಿಡುತ್ತಾರೆ. ಅವರ ವರದಿಯಲ್ಲಿ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿರುತ್ತಾರೆ, ಮನೆಮನೆಗೂ ನಲ್ಲಿ ನೀರು ಬರುತ್ತಿರುತ್ತದೆ. ಊರಾಚೆಯ ಕಾಲೋನಿಗಾಗಲೀ ಎರಡು ಕಿಲೋಮೀಟರ್ ದೂರದ ತಾಂಡಾಕ್ಕಾಗಲೀ ಅವರು ಕಾಲಿಟ್ಟಿರುವುದಿಲ್ಲ. ಸರ್ಕಾರದ ಸೇವೆ ತೀರಾ ಬೇಕಾಗಿರುವುದು ಅಲ್ಲಿಯವರಿಗೇ.

ಕೆಲಸ ಸರಿಯಾಗಿ ಮಾಡಲು ಎರಡು ಒಳ್ಳೆಯ ಮಾದರಿಗಳು ನಮ್ಮ ಮುಂದಿವೆ. ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ ‘ಅಸರ್’ ಸಮೀಕ್ಷೆ ಮಕ್ಕಳ ಓದು, ಲೆಕ್ಕವನ್ನು ಅವರ ಮನೆಯಲ್ಲೇ ಪರೀಕ್ಷಿಸುತ್ತದೆ. ಸ್ಯಾಮ್ಯುಯೆಲ್ ಪಾಲ್ ಬೆಂಗಳೂರಿನಲ್ಲಿ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ‘ನಾಗರಿಕರ ವರದಿ ಕಾರ್ಡ್’ ಹೊರತಂದಿತು. ನೀರು, ವಿದ್ಯುತ್, ಆಸ್ಪತ್ರೆಯಂಥ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿದ ಕೆಲಸವದು. 1999ರಲ್ಲಿ ಮತ್ತು 2003ರಲ್ಲಿ ಅದನ್ನೇ ಮತ್ತೆ ಮಾಡಿದ್ದರಿಂದ ಏನು ಬದಲಾಯಿತು ಎಂಬುದೂ ಗೊತ್ತಾಯಿತು. ಶಾಲೆಗೆ ಮೊದಲನೆಯದನ್ನೂ ಉಳಿದ ಸೇವೆಗಳಿಗೆ ಎರಡನೆಯದನ್ನೂ ಇಟ್ಟುಕೊಳ್ಳಿ.

1. ಪ್ರಶ್ನೆ ಕಡಿಮೆ ಇರಲಿ

ಫಾರಂ ಎರಡು ಪುಟ ಮೀರಬಾರದು. ಅಷ್ಟೇ.

2. ಊರುಗಳನ್ನು ಚೀಟಿ ಎತ್ತಿ ಆರಿಸಿ

ಪರಿಚಯದವರಿದ್ದಾರೆ, ಬಸ್ಸಿದೆ ಎಂದು ಊರು ಆರಿಸಬೇಡಿ. 2011ರ ಜನಗಣತಿಯ ಗ್ರಾಮಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಜನವಸತಿಯೇ ಇಲ್ಲದ ಬೇಚಿರಾಕ್ ಗ್ರಾಮಗಳೂ ಇರುತ್ತವೆ, ಮೊದಲು ಅವನ್ನು ಹೊಡೆದುಹಾಕಿ. ಆ ಪಟ್ಟಿಯಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದೆ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ತಾಲ್ಲೂಕುಗಳೂ ಒಡೆದಿವೆ. ಹಳೆಯ ಹೆಸರಿನ ಪಕ್ಕ ಹೊಸದನ್ನು ಈಗಲೇ ಬರೆದಿಟ್ಟುಕೊಳ್ಳದಿದ್ದರೆ ಕೊನೆಯಲ್ಲಿ ಲೆಕ್ಕ ತಾಳೆಯಾಗುವುದಿಲ್ಲ.

ಯಾವ ತಾಲ್ಲೂಕು ಎಂದು ತಡಕಾಡುವವರು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ತೆರೆಯಲಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಸಮಿತಿ ಗುರುತಿಸಿತ್ತು. ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಅಲ್ಲಿಂದ ಒಂದು, ಮುಂದುವರಿದ ಕಡೆಯಿಂದ ಒಂದು ತೆಗೆದುಕೊಂಡರೆ ಹೋಲಿಸಿ ನೋಡಲು ಏನಾದರೂ ಸಿಗುತ್ತದೆ. ಅಸರ್‌ನವರು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆಯಂತೆ 600 ಮನೆ ನೋಡುತ್ತಾರೆ. ನಿಮ್ಮ ಕೈಲಿ ಅಷ್ಟಾಗದಿದ್ದರೆ ಊರು ಕಡಿಮೆ ಮಾಡಿ. ಮನೆ ಆರಿಸುವ ಕ್ರಮವನ್ನು ಮಾತ್ರ ಸಡಿಲಬೇಡಿ.

3. ಮನೆ ಆರಿಸುವುದು

ಸಮೀಕ್ಷೆ ಕೆಡುವುದು ಇಲ್ಲೇ. ಮೊದಲ ಒಂದು ಗಂಟೆ ಯಾರನ್ನೂ ಏನೂ ಕೇಳದೆ ಊರು ಸುತ್ತಿ. ಬಿಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯಿರಿ: ಶಾಲೆ, ಅಂಗನವಾಡಿ, ನೀರಿನ ಟ್ಯಾಂಕು, ನ್ಯಾಯಬೆಲೆ ಅಂಗಡಿ, ಗುಡಿ, ಮಸೀದಿ, ಕೇರಿಗಳು. ಆಮೇಲೆ ಕಟ್ಟೆಯ ಮೇಲೆ ಕೂತಿರುವ ಹಿರಿಯರಿಗೆ ನಕ್ಷೆ ತೋರಿಸಿ, “ಇದರಲ್ಲಿ ಯಾವುದು ಬಿಟ್ಟುಹೋಗಿದೆ ಯಜಮಾನ್ರೇ?” ಎಂದು ಕೇಳಿ. “ಹಳ್ಳದಾಚೆ ಒಂದು ಹತ್ತು ಮನೆ ಅದಾವ” ಎಂಬ ಮಾತು ಆಗ ಬರುತ್ತದೆ. ರಾಯಚೂರು, ಯಾದಗಿರಿ ಕಡೆ ದೊಡ್ಡಿ, ತಾಂಡಾ. ಚಿತ್ರದುರ್ಗದ ಕಡೆ ಹಟ್ಟಿ. ಎಲ್ಲ ಕಡೆಯೂ ತೋಟದ ಮನೆಗಳು. ದಾಖಲೆಯಲ್ಲಿ ಎಲ್ಲಕ್ಕೂ ಒಂದೇ ಊರಿನ ಹೆಸರಿದ್ದರೂ ಶಾಲೆಗೆ ನಡೆಯುವ ದೂರ ಒಂದೇ ಅಲ್ಲ.

ಊರು ಒತ್ತಾಗಿದ್ದರೆ ನಾಲ್ಕು ಭಾಗ ಮಾಡಿ. ಚದುರಿದ್ದು ನಾಲ್ಕಕ್ಕಿಂತ ಹೆಚ್ಚು ವಸತಿಗಳಿದ್ದರೆ ಚೀಟಿ ಎತ್ತಿ ನಾಲ್ಕನ್ನು ಆರಿಸಿ. ಪ್ರತಿ ಭಾಗದ ನಡುಮಧ್ಯದಲ್ಲಿ ನಿಂತು ಎಡಗಡೆ ಹೊರಡಿ, ಐದೈದನೆಯ ಮನೆಗೆ ಹೋಗಿ. ಭಾಗಕ್ಕೆ ಐದರಂತೆ 20 ಮನೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮನೆಯಿಂದ ಮನೆಗೆ ಗುಡ್ಡ ಹತ್ತಬೇಕಾಗುವುದರಿಂದ ಈ ಎಡಗೈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆ ವಹಿ ನೋಡಿ, ಅದರ ಕ್ರಮಸಂಖ್ಯೆಯಿಂದ ಚೀಟಿ ಎತ್ತಿ. ವಹಿ ಅವರದು, ಆಯ್ಕೆ ನಿಮ್ಮದು. “ಆ ಮನೆ ಬೇಡ ಸಾರ್, ಅವರು ಸರಿಯಾಗಿ ಮಾತಾಡಲ್ಲ” ಎಂದು ಯಾರಾದರೂ ಅಂದರೆ ಆ ಮನೆಗೆ ತಪ್ಪದೆ ಹೋಗಬೇಕು.

ಮನೆ ಎಂದರೆ ಒಂದೇ ಒಲೆಯ ಅಡುಗೆ ಉಣ್ಣುವವರು. ಒಂದು ಬಾಗಿಲೊಳಗೆ ಅಣ್ಣ ತಮ್ಮಂದಿರ ಎರಡು ಒಲೆಯಿದ್ದರೆ ಅವು ಎರಡು ಮನೆ. ರೇಷನ್ ಕಾರ್ಡ್ ನೋಡಿ ಮನೆ ಎಣಿಸಬೇಡಿ, ಒಂದೇ ಒಲೆಯವರ ಹೆಸರು ಎರಡು ಕಾರ್ಡಿನಲ್ಲಿರುವುದು ಮಾಮೂಲು.

ಈಗ ಬೀಗ ಹಾಕಿದ ಮನೆಯ ವಿಷಯ. ಎಲ್ಲರೂ ಮಾಡುವುದೆಂದರೆ ಪಕ್ಕದ ಮನೆ ಹೊಕ್ಕು ಸಂಖ್ಯೆ ತುಂಬಿಸುವುದು. ಅದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಬೇರೆ ಇಲ್ಲ. ಹಗಲು ಬೀಗ ಬಿದ್ದಿದೆ ಎಂದರೆ ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗಿರುತ್ತಾರೆ. ಸಂಜೆ ಆರರ ಮೇಲೆ ಮತ್ತೆ ಹೋಗಿ, ಸಿಗುತ್ತಾರೆ. ತಾಂಡಾಗಳಲ್ಲಿ ದೀಪಾವಳಿ ಕಳೆದ ಮೇಲೆ ಸಾಲುಸಾಲು ಬೀಗ ಕಂಡರೆ ಅದು ಗುಳೆ: ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾಕ್ಕೆ. ಆ ಮನೆಗೂ ಒಂದು ಫಾರಂ ತೆಗೆಯಿರಿ. ಪಕ್ಕದವರನ್ನು ಮೂರೇ ಮಾತು ಕೇಳಿ: ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ, ಮಕ್ಕಳು ಎಲ್ಲಿದ್ದಾರೆ. ಅಜ್ಜಿಯ ಹತ್ತಿರವೋ, ಹಾಸ್ಟೆಲ್ಲಿನಲ್ಲೋ, ತಂದೆ ತಾಯಿಯ ಜೊತೆಗೋ? ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತಿರುವ ಮಗುವಿನ ಲೆಕ್ಕ ನಿಮ್ಮ ಫಾರಂನಲ್ಲಿ ಬಿಟ್ಟುಹೋದರೆ ಮತ್ತೆಲ್ಲೂ ಸಿಗುವುದಿಲ್ಲ. ಇಂಥ ಮನೆಗಳನ್ನು ಬದಲಾಯಿಸುತ್ತಾ ಹೋದಷ್ಟೂ ಊರಿನ ಸರಾಸರಿ ಮೇಲೇರುತ್ತದೆ, ಊರು ಮಾತ್ರ ಇದ್ದಲ್ಲೇ ಇರುತ್ತದೆ.

ವಾಟ್ಸಾಪ್ ಗುಂಪಿಗೆ ಗೂಗಲ್ ಫಾರಂ ಕಳಿಸಿ ‘ಸಮೀಕ್ಷೆ’ ಎನ್ನುವವರಿಗೆ ಒಂದು ಮಾತು: ಸ್ಮಾರ್ಟ್‌ಫೋನು, ಡೇಟಾ, ಬಿಡುವು ಮೂರೂ ಇರುವವರು ಮಾತ್ರ ಅದರಲ್ಲಿ ಉತ್ತರಿಸುತ್ತಾರೆ. ದಯವಿಟ್ಟು ಬೇಡ. ಪುಕ್ಕಟೆ ಸಿಗುವ ಸಮೀಕ್ಷೆ ಆ್ಯಪ್‌ಗಳನ್ನೂ ನಾನು ಒಪ್ಪುವುದಿಲ್ಲ. ಎಷ್ಟೋ ಆ್ಯಪ್‌ಗಳು ನೆಟ್‌ವರ್ಕ್ ಇಲ್ಲದಲ್ಲಿ ತುಂಬಿಸಿದ್ದನ್ನು ಉಳಿಸಿಕೊಳ್ಳುವುದಿಲ್ಲ, ಕನ್ನಡ ಒತ್ತಕ್ಷರ ಒಡೆದು ಬರುತ್ತದೆ. ಕಾಗದ, ಪೆನ್ಸಿಲ್, ಗಟ್ಟಿ ರಟ್ಟಿನ ಪ್ಯಾಡು ಸಾಕು.

4. ಬಾಗಿಲಲ್ಲಿ

ಮೇಷ್ಟ್ರನ್ನಾಗಲೀ ಪಂಚಾಯ್ತಿ ಸದಸ್ಯರನ್ನಾಗಲೀ ಜೊತೆಗೆ ಕರೆದೊಯ್ಯಬೇಡಿ. ನಿಮ್ಮ ಹೆಸರು, ಎಲ್ಲಿಂದ ಬಂದಿರಿ, ಯಾಕೆ ಎಂದು ಮೊದಲೇ ಹೇಳಿ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ನೆನಪು ಇನ್ನೂ ಹಸಿಯಾಗಿರುವುದರಿಂದ “ಜಾತಿ ಗಣತೀನಾ?” ಎನ್ನುತ್ತಾರೆ. ಬಿಪಿಎಲ್ ಕಾರ್ಡ್ ಹೋಗುತ್ತದೇನೋ ಎಂಬ ಭಯವೂ ಇರುತ್ತದೆ. “ಇದರಿಂದ ನಿಮಗೆ ಏನೂ ಬರೋದಿಲ್ಲ, ಏನೂ ಹೋಗೋದಿಲ್ಲ ಅಕ್ಕಾ, ಇಷ್ಟವಿಲ್ಲದಿದ್ದರೆ ಹೇಳಬೇಡಿ” ಎಂದು ಬಾಯಿಬಿಟ್ಟು ಹೇಳಿ. ಆಧಾರ್ ಸಂಖ್ಯೆ ಕೇಳಲೇಬೇಡಿ.

5. ಮಗುವಿನ ಓದು

ಭಾನುವಾರ ಹೋಗಿ, ಮಕ್ಕಳು ಮನೆಯಲ್ಲಿರುತ್ತಾರೆ. ಅಸರ್‌ನ ಓದಿನ ಹಾಳೆಯಲ್ಲಿ ನಾಲ್ಕು ಮೆಟ್ಟಿಲು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಕತೆ. ಶುರು ಮಾಡಬೇಕಾದದ್ದು ನಾಲ್ಕು ಸಾಲಿನಿಂದ. ಸರಾಗವಾಗಿ ಓದಿದರೆ ಕತೆಗೆ ಏರಿಸಿ, ತಡವರಿಸಿದರೆ ಪದಕ್ಕೆ ಇಳಿಸಿ. ಐದು ಪದದಲ್ಲಿ ನಾಲ್ಕು ಸರಿಯಾದರೆ ಪದದ ಮಟ್ಟ ದಾಟಿದಂತೆ. ಅಕ್ಷರಗಳು ‘ಅ ಆ ಇ ಈ’ ಕ್ರಮದಲ್ಲಿರಬಾರದು. ಆ ಸಾಲು ಮಕ್ಕಳಿಗೆ ಬಾಯಿಪಾಠ. ‘ಅಜ್ಜಿ’ಯನ್ನು ‘ಅಜಿ’ ಎಂದು ಓದುವ ಮಗುವಿಗೆ ತೊಡಕಾಗಿರುವುದು ಒತ್ತಕ್ಷರ. ಅದನ್ನು ಪಕ್ಕದಲ್ಲಿ ಬರೆದುಕೊಳ್ಳಿ, ಮೇಷ್ಟ್ರಿಗೆ ಉಪಯೋಗವಾಗುತ್ತದೆ.

ಸುತ್ತ ಜನ ಸೇರುತ್ತಾರೆ. ಅಣ್ಣ ಹಿಂದಿನಿಂದ ಹೇಳಿಕೊಡುತ್ತಾನೆ, ತಾಯಿ “ನಿನ್ನೆ ಓದಿದ್ಯಲ್ಲೋ” ಎಂದು ಗದರುತ್ತಾಳೆ, ಮಗು ಬಾಯಿ ಬಿಡುವುದಿಲ್ಲ. ಇಬ್ಬರು ಹೋಗಿದ್ದರೆ ಒಬ್ಬರು ದೊಡ್ಡವರನ್ನು ಮಾತಿಗೆಳೆದು ಆಚೆ ಕರೆದೊಯ್ಯಿರಿ. ಉರ್ದು, ಮರಾಠಿ ಶಾಲೆಯ ಮಗುವಿಗೆ ಕನ್ನಡದ ಹಾಳೆ ಕೊಟ್ಟು ‘ಓದಲು ಬರುವುದಿಲ್ಲ’ ಎಂದು ಬರೆಯುವುದು ಅನ್ಯಾಯ. ಯಾವ ಮಾಧ್ಯಮ ಎಂದು ಮೊದಲು ಕೇಳಿ. ಲೆಕ್ಕಕ್ಕೆ 46ರಲ್ಲಿ 29 ಕಳೆಯುವಂಥ, ದಶಕ ತೆಗೆದುಕೊಳ್ಳಬೇಕಾದ ಲೆಕ್ಕ ಕೊಡಿ. 23 ಎಂದು ಬರೆದರೆ ಮಗು ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದಿದೆ ಎಂದು ಗೊತ್ತಾಗುತ್ತದೆ.

6. ಸೇವೆಗಳ ಪ್ರಶ್ನೆ

“ರೇಷನ್ ಸರಿಯಾಗಿ ಬರ್ತಿದೆಯಾ?” ಎಂದರೆ “ಹೂಂ, ಬರ್ತಿದೆ” ಎನ್ನುತ್ತಾರೆ. ಹೀಗೆ ಕೇಳಿ: ಹೋದ ತಿಂಗಳು ಯಾವ ದಿನ ತಂದಿರಿ? ಎಷ್ಟು ಕೆ.ಜಿ. ಕೊಟ್ಟರು? ಹೆಬ್ಬೆಟ್ಟು ಕೊಡಲು ಎಷ್ಟು ಸಲ ಹೋದಿರಿ? ದುಡ್ಡು ಕೇಳಿದರೇ? ಆಸ್ಪತ್ರೆಯ ವಿಷಯವನ್ನು ಇತ್ತೀಚೆಗೆ ಅಲ್ಲಿಗೆ ಹೋಗಿ ಬಂದವರನ್ನೇ ಕೇಳಿ. ವೈದ್ಯರು ಇದ್ದರೇ, ಮಾತ್ರೆ ಅಲ್ಲೇ ಕೊಟ್ಟರೇ, ಚೀಟಿ ಬರೆದು ಹೊರಗೆ ಕಳಿಸಿದರೇ? ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಬಗ್ಗೆ ಕೇಳುವಾಗ ‘ಸಕಾಲ’ ಯೋಜನೆಯ ಸ್ವೀಕೃತಿ ಚೀಟಿ ಇದ್ದರೆ ನೋಡಿ, ದಿನಾಂಕ ಅದರಲ್ಲೇ ಇರುತ್ತದೆ. ಶಾಲೆಯ ಶೌಚಾಲಯ ಇದೆಯೇ ಎಂದು ಯಾರನ್ನೂ ಕೇಳಬೇಡಿ. ಸೋಮವಾರ ಹೋಗಿ ಬಾಗಿಲು ತೆಗೆದು ನೋಡಿ. ಬೀಗ ಬಿದ್ದಿದೆಯೇ, ನೀರಿದೆಯೇ, ಹೆಣ್ಣುಮಕ್ಕಳದು ಬೇರೆಯಿದೆಯೇ ಎಂದು ಬರೆಯಿರಿ.

ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಯಂತ್ರಾನುವಾದ ಮಾಡಿ ಒಯ್ಯಬೇಡಿ. ‘ಸೇವಾ ಪೂರೈಕೆದಾರರ ನಡವಳಿಕೆ ತೃಪ್ತಿಕರವೇ’ ಎಂದು ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. “ಸರಿಯಾಗಿ ಮಾತಾಡಿಸಿದ್ರಾ?” ಅನ್ನಿ.

7. ತಪಾಸಣೆ, ವರದಿ

ಮರುದಿನ ಬೇರೊಬ್ಬರು ನಾಲ್ಕು ಮನೆಗೆ ಮತ್ತೆ ಹೋಗಿ ಬರಲಿ. ಫಾರಂನಿಂದ ಮಕ್ಕಳ ಹೆಸರು ತೆಗೆದು ಸಂಖ್ಯೆ ಹಾಕಿ. ಒಂದು ಊರಿನ 20 ಮನೆಗೆ ಶೇಕಡಾವಾರು ಬರೆಯಬೇಡಿ, ‘20ರಲ್ಲಿ 7’ ಎಂದೇ ಬರೆಯಿರಿ. ಬೀಗ ಹಾಕಿದ ಮನೆಗಳಿಗೆ ಪ್ರತ್ಯೇಕ ಸಾಲು ಇರಲಿ. ಒಂದು ಪುಟದ ಕನ್ನಡ ಸಾರಾಂಶವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಮುಖ್ಯ ಶಿಕ್ಷಕರಿಗೂ ಕೊಡಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಪಂಚಾಯ್ತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನೂ ನಡೆಸಬೇಕು. ಅದರ ದಿನಾಂಕವನ್ನು ಪಿಡಿಒ ಹತ್ತಿರ ಮುಂಚೆಯೇ ಕೇಳಿಟ್ಟುಕೊಂಡು, ಶೌಚಾಲಯದ ಬೀಗದ ವಿಷಯವನ್ನು ಮಕ್ಕಳೇ ಎತ್ತಲು ಬಿಡಿ.