ನಾರ್ವೇಜಿಯನ್ನಿನಲ್ಲಿ ‘ಇಕ್ಕೆ’ಯನ್ನು ಸರಿಯಾದ ಜಾಗದಲ್ಲಿಟ್ಟ ಬಗೆ: ನನ್ನ ಅನುಭವ

ಬಿ1 ಹಂತ (ಯುರೋಪಿನ ಭಾಷಾಮಾಪನದ ಮಧ್ಯಮ ಹಂತ, ಅದರ ಮೇಲಿನದು ಬಿ2) ದಾಟಿದ ಕನ್ನಡಿಗರು ನಾರ್ವೇಜಿಯನ್ನಿನಲ್ಲಿ ಎಡವುವುದು ಪದಗಳ ಕೊರತೆಯಿಂದಲ್ಲ, ಇಕ್ಕೆ (ಇಲ್ಲ, ಅಲ್ಲ), ಆಲ್ಡ್ರಿ (ಎಂದೂ ಇಲ್ಲ), ಓಫ್ತೆ (ಆಗಾಗ) ಮೊದಲಾದ ಕ್ರಿಯಾವಿಶೇಷಣಗಳ ಸ್ಥಾನದಲ್ಲಿ. ನಾನು ಓಸ್ಲೋದ ಒಂದು ಖಾಸಗಿ ಸಂಜೆ ತರಗತಿಗೆ ಎರಡು ಅವಧಿಗಳಲ್ಲಿ ಸುಮಾರು 9,000 ಕ್ರೋನರ್ ಕಟ್ಟಿದೆ. ನಿಯಮ ಬಾಯಿಪಾಠವಾಯಿತೇ ಹೊರತು ಬರವಣಿಗೆಯ ಕೆಂಪು ಗೆರೆಗಳು ಕಡಿಮೆಯಾಗಲಿಲ್ಲ. ಆಮೇಲೆ ಕೊಂಡ ಆ್ಯಪ್ ಚಂದಾ ಮತ್ತು ಅಭ್ಯಾಸಪುಸ್ತಕಗಳಿಗೆ ಇನ್ನೊಂದೆರಡು ಸಾವಿರ ಹೋಯಿತು. ಕೇಳುತ್ತಾ ಹೋದರೆ ತಾನಾಗಿಯೇ ಬರುತ್ತದೆ, ಕಾಗದದ ಮೇಲೆ ವಾಕ್ಯ ತಿದ್ದಿ ಯಾರೂ ಭಾಷೆ ಕಲಿತಿಲ್ಲ ಎಂದು ಸಹೋದ್ಯೋಗಿಗಳೂ ಕನ್ನಡದ ಗೆಳೆಯರೂ ಹೇಳುತ್ತಲೇ ಇದ್ದರು.

ಆದರೆ ಈ ವಿಷಯದಲ್ಲಿ ಕಿವಿಯನ್ನು ನಂಬುವಂತಿಲ್ಲ. ‘ಆತ್’ (ಎಂದು), ‘ಫೊರ್ಡಿ’ (ಏಕೆಂದರೆ) ಪದಗಳ ನಂತರ ಇಕ್ಕೆ ಕ್ರಿಯಾಪದಕ್ಕೆ ಮೊದಲು ಬರಬೇಕೆಂದು ಪುಸ್ತಕ ಹೇಳುತ್ತದೆ, ಮಾತಿನಲ್ಲಿ ಮಾತ್ರ ‘ಹುನ್ ಸೀಎರ್ ಆತ್ ಹುನ್ ಕೊಮ್ಮೆರ್ ಇಕ್ಕೆ’ (ತಾನು ಬರುವುದಿಲ್ಲ ಎನ್ನುತ್ತಾಳೆ) ಎಂದು ಅಲ್ಲಿಯವರೇ ಧಾರಾಳವಾಗಿ ಹೇಳುತ್ತಾರೆ. ಎರಡೂ ರೂಪ ಕಿವಿಗೆ ಬೀಳುವುದರಿಂದ ಕಲಿಯುವವನ ಮನಸ್ಸಿನಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ‘ಆತ್’, ‘ಫೊರ್ಡಿ’ಗಳನ್ನು ಬದಿಗಿಟ್ಟು, ಮಾತಿನಲ್ಲಿಯೂ ಈ ಸಡಿಲಿಕೆಗೆ ಎಡೆಯಿಲ್ಲದ ‘ವಿಸ್’ (ಒಂದು ವೇಳೆ) ಮತ್ತು ‘ಸೊಮ್’ (ಯಾರು, ಯಾವುದು ಎಂದು ಜೋಡಿಸುವ ಪದ) ವಾಕ್ಯಗಳಿಂದಲೇ ಶುರುಮಾಡಿದೆ. ಸರಳ ನಾರ್ವೇಜಿಯನ್ನಿನಲ್ಲಿ ಬರುವ ಕ್ಲಾರ್ ತಾಲೆ ಪತ್ರಿಕೆಯಿಂದ ಒಂದೊಂದೇ ವಾಕ್ಯ ತೆಗೆದು, ಅದಕ್ಕೆ ಇಕ್ಕೆ ಸೇರಿಸಿ, ಮೂರು ಬಗೆಯಲ್ಲಿ ಬರೆಯುತ್ತಿದ್ದೆ: ‘ದು ಕೊಮ್ಮೆರ್ ಇಕ್ಕೆ’ (ನೀನು ಬರುವುದಿಲ್ಲ), ಬಳಿಕ ಕಾಲಸೂಚಕವನ್ನು ಮುಂದೆಳೆದು ‘ಇ ಡಾಗ್ ಕೊಮ್ಮೆರ್ ದು ಇಕ್ಕೆ’ (ಇವತ್ತು ನೀನು ಬರುವುದಿಲ್ಲ), ಕೊನೆಗೆ ‘ವಿಸ್ ದು ಇಕ್ಕೆ ಕೊಮ್ಮೆರ್’ (ನೀನು ಬರದಿದ್ದರೆ). ಬರೆದದ್ದನ್ನು ಗಟ್ಟಿಯಾಗಿ ಓದುವುದು ಕಡ್ಡಾಯ. ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಕೈ ತಾನಾಗಿ ಸರಿಯಾದ ಜಾಗಕ್ಕೆ ಹೋಗತೊಡಗಿತು. ನೊಶ್ಕ್‌ಪ್ರೋವೆ ಎಂಬ ನಾರ್ವೇಜಿಯನ್ ಭಾಷಾಪರೀಕ್ಷೆಯ ಬರವಣಿಗೆಯಲ್ಲಿ ಬಿ2 ಬಂದಾಗ, ಸಂದೇಹಪಟ್ಟವರಲ್ಲಿ ಇಬ್ಬರು ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ಹೋದರು.

ಚಲನೆ ಮತ್ತು ಸ್ಥಿತಿ ಸೂಚಿಸುವ ಜೋಡಿಗಳಿಗೆ ಕನ್ನಡವನ್ನೇ ಬಳಸಿ ನೋಡಿದೆ. ‘ಯೆಮ್’, ‘ಯೆಮ್ಮೆ’ಗಳು ನಮಗೆ ಸುಲಭ, ಏಕೆಂದರೆ ಮನೆಗೆ ಮತ್ತು ಮನೆಯಲ್ಲಿ ಎಂಬ ಭೇದ ನಮ್ಮಲ್ಲಿಯೇ ಇದೆ. ‘ಊತ್’, ‘ಊತೆ’ಗಳಲ್ಲಿ ಮಾತ್ರ ಎಲ್ಲರೂ ತಪ್ಪುತ್ತಾರೆ, ‘ಹೊರಗೆ ಹೋದ’, ‘ಹೊರಗೆ ಇದ್ದಾನೆ’ ಎರಡಕ್ಕೂ ನಾವು ಒಂದೇ ರೂಪ ಬಳಸುತ್ತೇವೆ. ಮನಸ್ಸಿನಲ್ಲಿ ‘ಹೊರಕ್ಕೆ’ ಎಂದಿಟ್ಟು ನೋಡಿ, ಅದು ಹೊಂದಿದರೆ ‘ಊತ್’, ಇಲ್ಲವಾದರೆ ‘ಊತೆ’. ಒಳಕ್ಕೆ, ಮೇಲಕ್ಕೆ, ಕೆಳಕ್ಕೆ ಎಂಬವೂ ಹೀಗೆಯೇ ನೆರವಾಗುತ್ತವೆ. ಗುಣವಾಚಕಕ್ಕೆ ‘ತ್’ ಹಚ್ಚಿ ಕ್ರಿಯಾವಿಶೇಷಣ ಮಾಡುವ ನಿಯಮ ನಿಮಗೆ ಗೊತ್ತೇ ಇದೆ. ‘ಲಿಗ್’ ಸೇರಿದಂತೆ ‘ಇಗ್’ನಿಂದ ಮುಗಿಯುವ ಪದಗಳಿಗೆ ಅದನ್ನು ಹಚ್ಚಬಾರದು.

ಸರ್ವನಾಮಗಳನ್ನು ಬೇರೆಯಾಗಿ ಅಭ್ಯಾಸ ಮಾಡಬೇಕಾಯಿತು. ‘ಯೈ ಸೇರ್ ಇಕ್ಕೆ ಹೂಸೆ’ (ನನಗೆ ಮನೆ ಕಾಣುತ್ತಿಲ್ಲ) ಎನ್ನುವಲ್ಲಿ ಮನೆ ಇಕ್ಕೆಯ ನಂತರ ಬಂದರೆ, ‘ಯೈ ಸೇರ್ ಹಾಮ್ ಇಕ್ಕೆ’ ಎನ್ನುವಲ್ಲಿ ‘ಅವನನ್ನು’ ಎಂಬುದು ಮುಂದಕ್ಕೆ ಸರಿಯುತ್ತದೆ. ಸಹಾಯಕ ಕ್ರಿಯಾಪದ ಸೇರಿದೊಡನೆ ‘ಯೈ ಹಾರ್ ಇಕ್ಕೆ ಸೆತ್ ಹಾಮ್’ (ನಾನು ಅವನನ್ನು ನೋಡಿಲ್ಲ) ಎಂದು ಮತ್ತೆ ಹಿಂದಕ್ಕೆ ಹೋಗುತ್ತದೆ. ಇನ್ನು ಮಾತಿನ ಧಾಟಿಯನ್ನು ತಿಳಿಸುವ ಯು, ನೊಕ್, ವೆಲ್ ಎಂಬ ಚಿಕ್ಕ ಪದಗಳು ಇಕ್ಕೆಗಿಂತ ಮೊದಲು ನಿಲ್ಲುತ್ತವೆ ಎಂಬಷ್ಟನ್ನು ಇಲ್ಲಿ ಹೇಳುತ್ತೇನೆ. ಯಾವಾಗ ಯಾವುದನ್ನು ಆರಿಸಬೇಕೆಂಬುದಕ್ಕೆ ನಾನು ಮಾಡಿಕೊಂಡ ಪಟ್ಟಿಯನ್ನು, ಈ ಮೂರು ಬಗೆಯ ಅಭ್ಯಾಸವನ್ನು ಮುಗಿಸಿ ಬಂದವರಿಗೆ ಮಾತ್ರ ಕೊಡುತ್ತೇನೆ.